ರಾತ್ರಿ 12ರ ಗಡುವು ಯಾರದು? ಆನ್‌ಲೈನ್ ನೆಟ್‌ವರ್ಕ್ ಮಾರ್ಕೆಟಿಂಗ್‌ನ ಒತ್ತಡದ ಲೆಕ್ಕ

"ಅಕ್ಕಾ, ಆರಾಮ್ ಅದೀರಿ? ಒಂದು ಛಲೋ ಅವಕಾಶ ಬಂದೈತಿ. ಫೋನಿನ್ಯಾಗ ಹೇಳಾದಲ್ಲ. ರಾತ್ರಿ ಎಂಟಕ್ಕ ಲಿಂಕ್ ಕಳಸ್ತೀನಿ, ಸುಮ್ನ ಕುಂತು ಕೇಳ್ರಿ ಸಾಕು."

ಗಂಗಾವತಿ, ಸಿಂಧನೂರು ಕಡೆಯ ರೈತರ ಮನೆಗಳಲ್ಲಾಗಲಿ, ಬಳ್ಳಾರಿಯ ಜೀನ್ಸ್ ಹೊಲಿಯುವವರ ಓಣಿಗಳಲ್ಲಾಗಲಿ, ಗಿಣಿಗೇರಾ ಅಥವಾ ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದವರ ಫೋನಿನಲ್ಲಾಗಲಿ ಈ ಧಾಟಿಯ ಸಂದೇಶ ಅಪರೂಪವಲ್ಲ. ಅದು ಬರುವ ಹೊತ್ತನ್ನೂ ಗಮನಿಸಬೇಕು: ಭತ್ತದ ರೊಕ್ಕ ಕೈಸೇರಿದಾಗ, ಗೃಹಲಕ್ಷ್ಮಿಯ 2,000 ರೂ. ಜಮಾ ಆದಾಗ, ಸಂಘದ ಸಾಲ ಮಂಜೂರಾದಾಗ. ಕಳಿಸಿದವರು ಚಿಗವ್ವನ ಮಗಳೋ ಹಳೆಯ ಸಹಪಾಠಿಯೋ ಸಂಘದ ಪ್ರತಿನಿಧಿಯೋ ಆಗಿರುತ್ತಾರೆ. ಮುಲಾಜು ಅಲ್ಲೇ ಶುರು. ಕರೆ ನೆಟ್‌ವರ್ಕ್ ಮಾರ್ಕೆಟಿಂಗಿನದು: ಸಾಮಾನು ಕೊಂಡು ಸೇರಿ, ಬಳಗದವರನ್ನೂ ಸೇರಿಸಿ ಕಮಿಷನ್ ಪಡೆಯುವ ವ್ಯವಹಾರ. ಕಾನೂನು ಇದನ್ನು ನೇರ ಮಾರಾಟದ ನಿಯಮಗಳಡಿ ನೋಡುತ್ತದೆ.

ಆ ನಾಲ್ಕು ಸಾಲಿನಲ್ಲಿ ಕಂಪನಿಯ ಹೆಸರಿಲ್ಲ, ಸಾಮಾನಿನ ಹೆಸರಿಲ್ಲ, ಬೆಲೆಯಿಲ್ಲ. 2021ರ ಡಿಸೆಂಬರ್ 28ರಂದು ಕೇಂದ್ರ ಸರ್ಕಾರ ಹೊರಡಿಸಿದ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳ ಪ್ರಕಾರ, ಮಾರಾಟದ ಮಾತು ತೆಗೆದಾಗಲೇ ತಾನು ಯಾರು, ಯಾವ ಕಂಪನಿ, ಯಾವ ವಸ್ತು, ಬಂದ ಉದ್ದೇಶವೇನು ಎಂಬುದನ್ನು ಮಾರುವವರು ನಿಜವಾಗಿ ಹೇಳಬೇಕು. ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಮನೆಗೆ ಬರುವಂತಿಲ್ಲ. ಸೇರುವುದಕ್ಕೆ ಪ್ರವೇಶ ಶುಲ್ಕ ಕೇಳುವಂತಿಲ್ಲ. ಗಳಿಕೆಯ ಬಗ್ಗೆ ಸುಳ್ಳು ಚಿತ್ರ ಕೊಡುವಂತಿಲ್ಲ. ಅಂದರೆ "ಫೋನಿನ್ಯಾಗ ಹೇಳಾದಲ್ಲ" ಎಂಬ ಮಾತಿನಲ್ಲೇ ನಿಯಮದ ಮೊದಲ ಮೆಟ್ಟಿಲು ತಪ್ಪಿರುತ್ತದೆ.

ನೇರ ಮಾರಾಟ ತಾನಾಗಿ ಅಪರಾಧವಲ್ಲ. ಸಾಮಾನು ಮಾರಿ, ಮಾರಿದ್ದಕ್ಕೆ ಕಮಿಷನ್ ಪಡೆಯುವುದು ಕಾನೂನುಬದ್ಧ ವ್ಯಾಪಾರ. ಜನರನ್ನು ಸೇರಿಸಿದ್ದಕ್ಕೇ ರೊಕ್ಕ ಬಂದರೆ ಅದು ಪಿರಮಿಡ್ ಯೋಜನೆ. 2021ರ ನಿಯಮ ಅದನ್ನು ನಿಷೇಧಿಸಿದೆ. 1978ರ ಪ್ರೈಜ್ ಚಿಟ್ಸ್ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆಯಡಿ ಇಂಥ ಯೋಜನೆ ನಡೆಸುವುದಷ್ಟೇ ಅಲ್ಲ, ಅದರಲ್ಲಿ ಪಾಲ್ಗೊಳ್ಳುವುದೂ ತಪ್ಪು. ನಡೆಸಿದವರಿಗೆ 3 ವರ್ಷದವರೆಗೆ ಜೈಲಾಗಬಹುದು. ತಮ್ಮನನ್ನು, ಭಾವನನ್ನು ಸೇರಿಸಿದವರು ನಾಳೆ ಬರೀ ಮೋಸಹೋದವರಾಗಿ ಉಳಿಯದೆ ಆರೋಪಿಯೂ ಆಗಬಹುದು ಎಂಬುದನ್ನು ಯಾವ ಝೂಮ್ ಮೀಟಿಂಗಿನಲ್ಲೂ ಹೇಳುವುದಿಲ್ಲ.

ಕ್ಲೋಸಿಂಗ್ ಎಂಬ ಗಂಟೆ

"ಇವತ್ತು ರಾತ್ರಿ 12ರೊಳಗ ಐಡಿ ಹಾಕ್ರಿ, ನಾಳೆಯಿಂದ ರೇಟ್ ಏರ್ತದ" ಎಂದಾಗ ಅವಸರ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಪ್ಲಾನಿನ, ಅಂದರೆ ಕಮಿಷನ್ ಹಂಚುವ ಲೆಕ್ಕದ, ಹೊಟ್ಟೆಯೊಳಗೆ ನೋಡಬೇಕು.

ಆನ್‌ಲೈನ್ ಪ್ಲಾನುಗಳಲ್ಲಿ ಬಹಳಷ್ಟು ಬೈನರಿ ಮಾದರಿಯವು. ಪ್ರತಿಯೊಬ್ಬರ ಕೆಳಗೆ ಎರಡು ಲೆಗ್: ಎಡ, ಬಲ. ಕೆಳಗೆ ಹೊಸ ಐಡಿ (ರೊಕ್ಕ ಕಟ್ಟಿ ಸೇರಿದವರ ಸದಸ್ಯ ಸಂಖ್ಯೆ) ಬಿದ್ದಾಗ ಅಥವಾ ಖರೀದಿ ಆದಾಗ ಬಿವಿ ಅಥವಾ ಪಿವಿ ಎಂಬ ಪಾಯಿಂಟು ಸೇರುತ್ತದೆ. ಎಡಬಲದ ಪಾಯಿಂಟು ಜೋಡಿಯಾದಷ್ಟಕ್ಕೆ ಮಾತ್ರ ಕಮಿಷನ್. ಇದೇ ಪೇರ್ ಮ್ಯಾಚಿಂಗ್. ಕಂಪನಿ ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಲೆಕ್ಕ ಮುಚ್ಚುತ್ತದೆ; ಅದು ಕ್ಲೋಸಿಂಗ್. ಜೋಡಿಯಾಗದೆ ಉಳಿದ ಪಾಯಿಂಟನ್ನು ಕೆಲವು ಪ್ಲಾನುಗಳು ಮುಂದಿನ ವಾರಕ್ಕೆ ಒಯ್ಯುತ್ತವೆ, ಕೆಲವು ತೊಳೆದುಹಾಕುತ್ತವೆ. ರ್ಯಾಂಕಿಗೂ ಇಂತಿಷ್ಟು ಪಾಯಿಂಟು ಎಂಬ ಗೆರೆ ಇರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶನಿವಾರ ರಾತ್ರಿ ಹತ್ತೂವರೆ. ನಿಮ್ಮನ್ನು ಕರೆದವರ ಅಪ್‌ಲೈನಿಗೆ, ಅಂದರೆ ಅವರ ಮೇಲಿನ ಮೆಟ್ಟಿಲಿನವರಿಗೆ, ಎಡದಲ್ಲಿ 40,000 ಪಾಯಿಂಟು, ಬಲದಲ್ಲಿ 38,500. ರ್ಯಾಂಕಿನ ಗೆರೆ ಎರಡೂ ಕಡೆ 40,000. ಕೊರತೆ 1,500. ಹೊಸ ಐಡಿಗೆ ಕೊಳ್ಳಬೇಕಾದ ಸಾಮಾನಿನ ಕಿಟ್ ಒಂದಕ್ಕೆ 1,500 ಪಾಯಿಂಟು. ಆ ಕೊರತೆಯ ಹೆಸರೇ ನೀವು. ಹತ್ತೂವರೆಗೆ ಫೋನ್ ಬರುವುದು, ಹನ್ನೊಂದಕ್ಕೆ "ಸೀನಿಯರ್ ಸರ್ ಲೈನಿನ್ಯಾಗ ಅದಾರ" ಎಂದು ಇನ್ನೊಬ್ಬರನ್ನು ಸೇರಿಸುವುದು, ಹನ್ನೊಂದೂವರೆಗೆ "ಉಳಿದದ್ದು ನಾ ಹಾಕ್ತೀನಿ, ನೀವು ಅರ್ಧ ಕಳಸ್ರಿ" ಎನ್ನುವುದು, ಎಲ್ಲವೂ ಆ 1,500ರ ಹಿಂದೆ ಓಡುತ್ತಿರುತ್ತವೆ. ಗಡುವು ನಿಜವೇ. ಆದರೆ ಅದು ಅವರ ಗಡುವು.

ಇದನ್ನು ಪರೀಕ್ಷಿಸಲು ಖರ್ಚಿಲ್ಲ. "ಸೋಮವಾರ ಮುಂಜಾನೆ ನೋಡ್ತೀನ್ರಿ" ಎಂದು ಫೋನ್ ಇಡಿ. ಸೋಮವಾರವೂ ಅದೇ ರೇಟು ಇರುತ್ತದೆ, ಇನ್ನೊಂದು "ಕೊನೆ ದಿನ" ಹುಟ್ಟಿರುತ್ತದೆ, ಏಕೆಂದರೆ ಆಗ ಹೊಸ ಕ್ಲೋಸಿಂಗ್ ಶುರುವಾಗಿರುತ್ತದೆ. "ನಿಮ್ಮ ಕೆಳಗ ಬೀಳಾಕ ಆಗಲೇ ಮೂರು ಮಂದಿ ಕಾಯಾಕತ್ಯಾರ" ಎಂಬ ಮಾತೂ ಇದೇ ಜಾತಿ. ಆ ಮೂವರಿಗೂ ನಿಮ್ಮ ಹೆಸರನ್ನೇ ಹೇಳಿರುವ ಸಾಧ್ಯತೆ ಹೆಚ್ಚು. ವೆಬ್‌ಸೈಟ್, ಆ್ಯಪ್‌ಗಳಲ್ಲಿ ಇಂಥ ಸುಳ್ಳು ಅವಸರ ಹುಟ್ಟಿಸುವುದನ್ನೂ, ಬೇಡ ಎಂದವರನ್ನು ನಾಚಿಸುವುದನ್ನೂ 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರ) ಮಾರ್ಗಸೂಚಿ ತನ್ನ 13 ನಿಷಿದ್ಧ ತಂತ್ರಗಳಲ್ಲಿ ಸೇರಿಸಿದೆ.

ಝೂಮ್ ಕೋಣೆಯಲ್ಲಿ ನಡೆಯುವುದು

ಊರ ಸಭೆಯಲ್ಲಾದರೆ ಒಬ್ಬರಾದರೂ ಎದ್ದು "ನಿನಗೆಷ್ಟು ಬಂತಪ್ಪ?" ಎಂದು ಕೇಳುತ್ತಾರೆ. ಝೂಮ್‌ನಲ್ಲಿ ಆ ದಾರಿ ಮುಚ್ಚಿರುತ್ತದೆ. ನಡೆಸುವವರು ಎಲ್ಲರ ಮೈಕ್ ಬಂದ್ ಮಾಡಬಹುದು. ನಿಮ್ಮ ಚಾಟ್ ತಮಗೊಬ್ಬರಿಗೇ ಕಾಣುವಂತೆ ಇಡಬಹುದು. ಪ್ರಶ್ನೆ ಕೇಳಿದವರನ್ನು ಹೊರಹಾಕಬಹುದು. "ಒಪ್ಪಿದವರು 1 ಅಂತ ಟೈಪ್ ಮಾಡಿ" ಎಂದಾಗ ಸಾಲುಸಾಲು 1 ಬೀಳುತ್ತದೆ. ಬಿದ್ದದ್ದರಲ್ಲಿ ಹಳಬರದ್ದೆಷ್ಟು, ಹೊಸಬರದ್ದೆಷ್ಟು ಎಂದು ಯಾರಿಗೂ ತಿಳಿಯದು. ಸಣ್ಣ ಸಣ್ಣ ಹೌದುಗಳನ್ನು ಹೇಳಿಸುತ್ತ ಹೋದರೆ ಕೊನೆಯ ದೊಡ್ಡ ಪ್ರಶ್ನೆಗೆ ಇಲ್ಲ ಎನ್ನಲು ನಾಲಿಗೆ ತಡವರಿಸುತ್ತದೆ. ಮಕ್ಕಳನ್ನು ಛಲೋ ಶಾಲೆಗೆ ಕಳಿಸಬೇಕೋ ಬೇಡವೋ? ಹೌದು. ಸಾಲ ತೀರಬೇಕೋ? ಹೌದು. ಹಂಗಾದ್ರ ಯಾಕ ತಡ? ಇಲ್ಲಿ ಮೊದಲೆರಡು ಪ್ರಶ್ನೆಗೂ ಮೂರನೆಯದಕ್ಕೂ ಸಂಬಂಧವೇ ಇಲ್ಲ.

ಗಳಿಕೆಯ ಸ್ಕ್ರೀನ್‌ಶಾಟ್ ಬಗ್ಗೆ ಒಂದು ಮಾತು. ತೋರಿಸುವುದು ಸಾಮಾನ್ಯವಾಗಿ ಆ್ಯಪ್‌ನ ವಾಲೆಟ್ ಮೊತ್ತ. ಖಾತೆಗೆ ಬಂದ ರೊಕ್ಕ ಬೇರೆ. ಕೇಳಬೇಕಾದದ್ದು ಎರಡೇ ಅಂಕಿ: ಕಳೆದ 12 ತಿಂಗಳಲ್ಲಿ ಕಂಪನಿಯಿಂದ ನಿಮ್ಮ ಬ್ಯಾಂಕಿಗೆ ಬಂದದ್ದೆಷ್ಟು, ನಿಮ್ಮ ಬ್ಯಾಂಕಿನಿಂದ ಕಂಪನಿಗೆ ಹೋದದ್ದೆಷ್ಟು. ಲಕ್ಷಗಟ್ಟಲೆ ಕಮಿಷನ್ ನಿಜವಾದರೆ ಅದರ ಮೇಲೆ ಟಿಡಿಎಸ್ ಕಡಿತವಾಗಿ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅವರ ಪ್ಯಾನ್ ಮೇಲೆ ಕಾಣಲೇಬೇಕು. ಅದನ್ನು ತೋರಿಸಿ ಎಂದಾಗ "ನಂಬಿಕಿ ಇಲ್ಲೇನು?" ಎಂಬ ಉತ್ತರ ಬಂದರೆ ಲೆಕ್ಕ ಅಲ್ಲಿಗೇ ಮುಗಿಯಿತು.

ಔಷಧಿಯಂಥ ಪುಡಿ, ಜ್ಯೂಸು ಮಾರುವ ಕಡೆ ಅಪಾಯ ಇನ್ನೊಂದು ಬಗೆಯದು. ಡಬ್ಬಿಯ ಮೇಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಅದು ಆಹಾರ ಎಂಬುದಕ್ಕೆ ಪರವಾನಗಿ, ರೋಗ ವಾಸಿ ಮಾಡುತ್ತದೆ ಎಂಬುದಕ್ಕಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವನ್ನು ಗುಣಪಡಿಸುತ್ತೇವೆ ಎಂಬ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯೇ ನಿಷೇಧಿಸಿದೆ. ಮನೆಯ ಹಿರಿಯರ ಶುಗರ್ ಗುಳಿಗೆ ನಿಲ್ಲಿಸಿ ಎಂದು ಹೇಳುವ ಮಾರಾಟಗಾರರ ಜೊತೆ ವಾದಕ್ಕಿಳಿಯಬೇಡಿ, ಆ ಮಾತನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಕಾರಣ ಕೊಟ್ಟರೆ ಕೊಂಡಿ ಕೊಟ್ಟಂತೆ

ಬೇಡ ಎನ್ನುವಾಗ ನಮ್ಮವರು ಮಾಡುವ ತಪ್ಪು ಒಂದೇ: ಮರ್ಯಾದೆಗಾಗಿ ಕಾರಣ ಹೇಳುವುದು. ನೆಟ್‌ವರ್ಕ್‌ನಲ್ಲಿ ಹೊಸಬರಿಗೆ ಮೊದಲ ವಾರ ಕಲಿಸುವುದು ಎರಡು ಕೆಲಸ. ಬಂಧುಬಳಗದ ನೂರು ಹೆಸರಿನ ಪಟ್ಟಿ ಬರೆಯುವುದು, ಆ ನೂರು ಮಂದಿ ಹೇಳಬಹುದಾದ ಕಾರಣಗಳಿಗೆ ಉತ್ತರ ಬಾಯಿಪಾಠ ಮಾಡುವುದು. ನಿಮ್ಮ ಕಾರಣ ಯಾವುದೇ ಇರಲಿ, ಅವರ ಹಾಳೆಯಲ್ಲಿ ಅದು ಆಗಲೇ ಇದೆ.

"ರೊಕ್ಕ ಇಲ್ಲ" ಎಂದಿರಿ; "ಇಲ್ಲ ಅಂತಲೇ ಇದು ಬೇಕು, ಸಂಘದಾಗ ತಗೊಂಡು ಕಟ್ಟ್ರಿ, ಎರಡು ತಿಂಗಳಿನ್ಯಾಗ ತಿರುಗಿ ಬರ್ತದ" ಎನ್ನುತ್ತಾರೆ. "ಟೈಮ್ ಇಲ್ಲ" ಎಂದಿರಿ. "ದಿನಕ್ಕ ಎರಡು ತಾಸು, ಫೋನಿನ್ಯಾಗ" ಎನ್ನುತ್ತಾರೆ. "ನನಗ ಮಾತಾಡಾಕ ಬರಂಗಿಲ್ಲ" ಎಂದರೆ "ಸೀನಿಯರ್ ಮಾತಾಡ್ತಾರ, ನೀವು ಲಿಂಕ್ ಕಳಿಸಿದ್ರ ಸಾಕು." "ಮನಿಯವ್ರನ್ನ ಕೇಳ್ತೀನಿ" ಎಂದರೆ ಗಂಡಸಿಗೆ "ಹೆಂಡ್ತಿ ಮಾತು ಕೇಳ್ತೀರೇನು?" ಎಂಬ ಚುಚ್ಚು, ಹೆಂಗಸಿಗೆ "ನಿಮ್ಮ ಕಾಲ ಮ್ಯಾಲ ನೀವು ನಿಲ್ಲೂದು ಯಾವಾಗ?" ಎಂಬ ಕೆಣಕು. ಇಬ್ಬರನ್ನೂ ಮನೆಯವರಿಂದ ಬೇರ್ಪಡಿಸುವುದೇ ಇದರ ಉದ್ದೇಶ, ಏಕೆಂದರೆ ಮನೆಯಲ್ಲಿ ಒಬ್ಬರಾದರೂ ಬಡ್ಡಿ ಲೆಕ್ಕ ಹಾಕುವವರು ಇರುತ್ತಾರೆ.

ಕಾರಣವಿಲ್ಲದ "ಇಲ್ಲ"ಕ್ಕೆ ಮಾತ್ರ ಹಾಳೆಯಲ್ಲಿ ಉತ್ತರವಿಲ್ಲ. "ಬ್ಯಾಡ್ರಿ. ನಾ ಇಂಥಾದ್ರಾಗ ಸೇರಂಗಿಲ್ಲ." ಯಾಕ್ರಿ? "ಸೇರಂಗಿಲ್ಲ, ಅಷ್ಟ." ಮೂರನೇ ಸಲ ಕೇಳಿದರೂ ಅದೇ ನಾಲ್ಕು ಪದ, ಅದೇ ದನಿ. ಕೇಳಲು ಒರಟು ಅನ್ನಿಸಬಹುದು, ಆದರೆ ವಿವರಣೆ ಶುರುವಾದ ಕ್ಷಣದಿಂದ ಮಾತು ಅವರ ಕೈಗೆ ಹೋಗುತ್ತದೆ.

ಹತ್ತಿರದ ಸಂಬಂಧ ಕೆಡಬಾರದು ಎಂದಿದ್ದರೆ ಸಾಮಾನು ಮತ್ತು ಐಡಿ ಎರಡನ್ನೂ ಬಿಡಿಸಿ ನೋಡಿ: "ತಂಗೆಮ್ಮಾ, ಸೋಪು ಛಲೋ ಇದ್ರ ಎರಡು ಕೊಡು, ಬಿಲ್ ಹಾಕು, ರೊಕ್ಕ ಈಗ ಕೊಡ್ತೀನಿ. ಐಡಿ ಮಾತ್ರ ಹಾಕಂಗಿಲ್ಲ." ಸಾಮಾನು ಮಾರುವುದೇ ವ್ಯಾಪಾರವಾಗಿದ್ದರೆ ಅವಳಿಗೆ ಸಂತೋಷವಾಗಬೇಕು. ಸೋಪು ಕೊಡಲು ಆಸಕ್ತಿಯಿಲ್ಲದೆ ಐಡಿಗೇ ಜೋತುಬಿದ್ದರೆ ಕಂಪನಿ ಏನು ಮಾರುತ್ತಿದೆ ಎಂಬುದು ನಿಮಗೂ ಗೊತ್ತಾಯಿತು, ಬಹುಶಃ ಅವಳಿಗೂ.

ಮೂವರ ಕಾಲ್ ಬಂದರೆ ಮಾತು ಬೆಳೆಸದೆ "ಬರದು ಕಳಸ್ರಿ: ಕಂಪನಿ ಹೆಸರು, ನೋಂದಣಿ ವಿಳಾಸ, ಸಾಮಾನಿನ ರೇಟು, ವಾಪಸ್ ಮಾಡೂ ನಿಯಮ" ಎಂದು ಹೇಳಿ ಇಟ್ಟುಬಿಡಿ. ಒತ್ತಡ ಬಾಯಿಮಾತಿನಲ್ಲಿ ಸಲೀಸು. ಬರಹದಲ್ಲಿ ಹಾಕಿದ ಭರವಸೆ ಸಾಕ್ಷಿಯಾಗುತ್ತದೆಂದು ಅವರಿಗೂ ಗೊತ್ತು.

ಕೊಪ್ಪಳ ಜಿಲ್ಲೆ ಸಾಲದು

"ನೀವು ಆರು ಮಂದಿ ತಂದ್ರ ಸಾಕು, ಅವರು ಆರಾರು ಮಂದಿ ತರ್ತಾರ." 6, 36, 216, 1,296, 7,776, 46,656. ಏಳನೇ ಮೆಟ್ಟಿಲಿಗೆ 2,79,936. ಎಂಟನೆಯದಕ್ಕೆ 16,79,616. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಒಟ್ಟು ಜನಸಂಖ್ಯೆ 13,89,920, ತೊಟ್ಟಿಲ ಕೂಸುಗಳೂ ಸೇರಿ. ಇದಕ್ಕಿಂತ ಕಹಿಯಾದ ಲೆಕ್ಕ ಇನ್ನೊಂದಿದೆ. ಆರರ ಏಣಿ ಎಲ್ಲೇ ನಿಲ್ಲಲಿ, ಸೇರಿದ ನೂರರಲ್ಲಿ ಸುಮಾರು 83 ಮಂದಿ ಕೊನೆಯ ಮೆಟ್ಟಿಲಲ್ಲೇ ಇರುತ್ತಾರೆ, ಅವರ ಕೆಳಗೆ ಯಾರೂ ಇರುವುದಿಲ್ಲ. ಇವರು ಸೋಮಾರಿಗಳೆಂದೋ "ಮೈಂಡ್‌ಸೆಟ್" ಸರಿಯಿಲ್ಲವೆಂದೋ ಅಲ್ಲ, ಏಣಿ ಕಟ್ಟಿದ್ದೇ ಹಾಗೆ.

ಸಾಮಾನು ಮಾರಿಯೇ ಗಳಿಸುತ್ತೇನೆ ಎನ್ನುವವರ ಲೆಕ್ಕ ನೋಡೋಣ. ಮಾರುವ ಬೆಲೆಯಲ್ಲಿ ಶೇ 20 ಲಾಭ ಎಂದುಕೊಂಡರೆ ತಿಂಗಳಿಗೆ 5,000 ರೂ. ಉಳಿಯಲು 25,000 ರೂ. ಸಾಮಾನು ಹೋಗಬೇಕು. ಒಂದು ಮನೆ 500 ರೂ.ನದ್ದು ಕೊಂಡರೂ 50 ಮನೆ, ಪ್ರತಿ ತಿಂಗಳು, ಉದ್ದರಿ ಇಲ್ಲದೆ. ಇತ್ತ ಖರ್ಚು: ಕಿಟ್ 8,000, ಐಡಿ ಜೀವಂತ ಇಡಲು ತಿಂಗಳಿಗೆ 1,500ರ ಖರೀದಿಯಂತೆ ವರ್ಷಕ್ಕೆ 18,000, ಹುಬ್ಬಳ್ಳಿ ಅಥವಾ ಬೆಂಗಳೂರಿನ ಎರಡು ಸೆಮಿನಾರಿಗೆ ಟಿಕೆಟು, ಬಸ್ಸು, ಊಟ ಸೇರಿ 5,000. ಒಟ್ಟು 31,000. ಅದರಲ್ಲಿ ಹೇಗೂ ಕೊಳ್ಳುತ್ತಿದ್ದ ಸೋಪು, ಪೇಸ್ಟಿನ ಬೆಲೆ ಕಳೆಯಿರಿ. ಉಳಿದದ್ದು ಕೈಯಿಂದ ಹೋದದ್ದು. ಅಂಕಿಗಳು ಪ್ಲಾನಿನಿಂದ ಪ್ಲಾನಿಗೆ ಬದಲಾಗುತ್ತವೆ, ಹಾಳೆಯ ಮೇಲೆ ಈ ಕೂಡು ಕಳೆ ಮಾಡುವ ರೀತಿ ಬದಲಾಗುವುದಿಲ್ಲ.

ಸಾಮಾನೇ ಇಲ್ಲದ ಪ್ಲಾನುಗಳಿಗೆ ಈ ಲೆಕ್ಕವೂ ಬೇಡ. 2011ರಲ್ಲಿ ದೇಶವನ್ನೆಲ್ಲ ಸುತ್ತಿದ ಸ್ಪೀಕ್ ಏಷ್ಯಾ ವರ್ಷಕ್ಕೆ 11,000 ರೂ. ಕಟ್ಟಿಸಿಕೊಂಡು, ಆನ್‌ಲೈನ್ ಸರ್ವೆ ತುಂಬಿದರೆ ದುಡ್ಡು ಎಂದಿತ್ತು. ಇವತ್ತಿನ ಟೆಲಿಗ್ರಾಂ "ಟಾಸ್ಕ್", ವಿಡಿಯೋ ಲೈಕ್ ಮಾಡುವ ಕೆಲಸ ಅದರದೇ ಮೊಮ್ಮಕ್ಕಳು.

ಫೋನಿನಲ್ಲಿ ಮಾಡಬೇಕಾದದ್ದು

ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಪ್ರೈವಸಿ, ಅಲ್ಲಿಂದ ಗ್ರೂಪ್ಸ್. "ಎವ್ರಿವನ್" ಎಂದಿದ್ದರೆ ಯಾರು ಬೇಕಾದರೂ ನಿಮ್ಮನ್ನು ಗ್ರೂಪಿಗೆ ಎಳೆಯಬಹುದು. "ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್" ಆರಿಸಿ, ಪದೇಪದೇ ಸೇರಿಸುವ ಬಂಧುವಿನ ಹೆಸರಿಗೆ ಗುರುತು ಹಾಕಿದರೆ ಅವರು ಆಹ್ವಾನ ಕಳಿಸಬಹುದು, ಸೇರಿಸಲಾಗದು. ಈಗ ಗ್ರೂಪ್ ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ, ಎಲ್ಲರೆದುರು ಮುಜುಗರವಿಲ್ಲ. ಬಿಡುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಸಂದೇಶಗಳು ತಾನಾಗಿ ಅಳಿಯುವಂತೆ ಗ್ರೂಪಿನಲ್ಲಿ ಇಟ್ಟಿದ್ದರೆ ನಂಬರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ಬೇಕು. ಸಾಕ್ಷಿ ಇರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

"ಫಾರ್ಮ್ ನಾನ ತುಂಬಿಕೊಡ್ತೀನಿ" ಎಂದು ಎನಿಡೆಸ್ಕ್‌ನಂಥ ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸಿದರೆ ಅಲ್ಲಿಗೆ ಮಾತು ನಿಲ್ಲಿಸಿ. ಒಟಿಪಿ, ಯುಪಿಐ ಪಿನ್ ಕಣ್ಣೆದುರೇ ಓದಿಕೊಳ್ಳುವ ದಾರಿ ಅದು. ರೊಕ್ಕ ಪಡೆಯಲು ಪಿನ್ ಎಂದೂ ಬೇಕಿಲ್ಲ.

ಕಂಪನಿಯ ಹೆಸರಿನ ಖಾತೆಗೆ ಬದಲಾಗಿ "ಸರ್" ಅವರ ಸ್ವಂತ ಫೋನ್‌ಪೇ ನಂಬರಿಗೆ ಕಟ್ಟಿಸಿಕೊಂಡರೆ ನಾಳೆ ಕಂಪನಿ ನಮಗೆ ಬಂದಿಲ್ಲ ಎನ್ನುತ್ತದೆ. ಇದಕ್ಕಿಂತ ಕೆಟ್ಟದ್ದು ಉಲ್ಟಾ ದಾರಿ: "ಹೊಸಬರ ರೊಕ್ಕ ನಿಮ್ಮ ನಂಬರಿಗೆ ಹಾಕಿಸ್ಕೊಂಡು ನನಗ ದಾಟಸ್ರಿ." ಒಬ್ಬರು ಎಲ್ಲೋ ದೂರದ ರಾಜ್ಯದಲ್ಲಿ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ ಹಣ ಹಾದುಹೋದ ಖಾತೆಗಳಿಗೆ ತಡೆ ಬೀಳುತ್ತದೆ. ನಿಮ್ಮ ಖಾತೆ ಅದರಲ್ಲಿದ್ದರೆ ಗೃಹಲಕ್ಷ್ಮಿ, ಉದ್ಯೋಗ ಖಾತ್ರಿ ಕೂಲಿ, ಬೆಳೆ ವಿಮೆ ಎಲ್ಲ ಅದೇ ಖಾತೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಬ್ಯಾಂಕ್ ಮ್ಯಾನೇಜರು ಪೊಲೀಸರ ಕಡೆ ಕೈ ತೋರಿಸುತ್ತಾರೆ, ಆ ಪೊಲೀಸರು ಸಾವಿರ ಕಿಲೋಮೀಟರ್ ದೂರ.

ಕಟ್ಟಿಬಿಟ್ಟಿದ್ದರೆ

ಮೋಸ ಎಂದು ಗೊತ್ತಾದ ಗಂಟೆಯಲ್ಲೇ 1930ಕ್ಕೆ ಫೋನ್ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ದಾಟಿ ಕೈತಪ್ಪುವ ಮೊದಲೇ ತಡೆ ಬಿದ್ದರೆ ಸಿಗುವ ಸಾಧ್ಯತೆ ಹೆಚ್ಚು. ಯುಪಿಐ ವಹಿವಾಟಿನ 12 ಅಂಕಿಯ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ, ಅವರು ಕೇಳುವುದೇ ಅದನ್ನು. ನೋಂದಾಯಿತ ಕಂಪನಿಯ ಜೊತೆಗಿನ ತಕರಾರಾದರೆ ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಕೆಲಸದ ಗಂಟೆಗಳೊಳಗೆ ಸ್ವೀಕೃತಿ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಪರಿಹಾರ ಎಂದು ನಿಯಮದಲ್ಲಿದೆ. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದು ಜನ ಎಣಿಸಿದಷ್ಟು ಕಷ್ಟವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಂಪನಿ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲೇ ದೂರು ಕೊಡಬಹುದು. ಕಟ್ಟಿದ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಗಡುವು 2 ವರ್ಷ. ಇದು ಮಾತ್ರ ನಿಮ್ಮದೇ ಗಡುವು. ಒಂದು ಎಡವಟ್ಟಿನ ಜಾಗವಿದೆ. "ಇವರು ವ್ಯಾಪಾರಕ್ಕೆ ಸೇರಿದವರು, ಗ್ರಾಹಕರಲ್ಲ" ಎಂದು ಎದುರಿನ ವಕೀಲರು ವಾದಿಸುತ್ತಾರೆ. ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗಾಗಿ ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ ಎಂಬ ವಿವರಣೆ ಕಾಯ್ದೆಯಲ್ಲೇ ಇದೆ. ಆ ಮಾತನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ.

ಇದೆಲ್ಲಕ್ಕಿಂತ ಮೊದಲು ಸೇರಿದ ವಾರದಲ್ಲೇ ಮನಸ್ಸು ಬದಲಾದರೆ ಒಪ್ಪಂದ ತೆಗೆದು ಕೂಲಿಂಗ್ ಆಫ್ ಅವಧಿ ಎಷ್ಟೆಂದು ನೋಡಿ. ಆ ಅವಧಿಯೊಳಗೆ ದಂಡವಿಲ್ಲದೆ ಒಪ್ಪಂದ ಬಿಡಬಹುದು. ಪತ್ರ ಉದ್ದ ಬೇಡ: "ಇಂಥ ದಿನಾಂಕದಂದು ಇಂಥ ಐಡಿ ಸಂಖ್ಯೆಯಡಿ ಇಷ್ಟು ರೂಪಾಯಿ ಕಟ್ಟಿ ಸೇರಿದ್ದೇನೆ. ಕೂಲಿಂಗ್ ಆಫ್ ಅವಧಿಯೊಳಗೆ ಈ ಒಪ್ಪಂದವನ್ನು ರದ್ದು ಮಾಡುತ್ತಿದ್ದೇನೆ. ತೆರೆಯದ ಸಾಮಾನು ವಾಪಸ್ ಪಡೆದು ಹಣವನ್ನು ಈ ಖಾತೆಗೆ ಹಾಕಬೇಕು." ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್, ಅದೇ ದಿನ ಇಮೇಲ್. ಸೀಲ್ ಒಡೆಯಬೇಡಿ, ಡಬ್ಬಿಗಳ ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೋ ತೆಗೆದಿಡಿ. ಸಾಮಾನನ್ನು ಪಾರ್ಸೆಲ್ ಮಾಡಿ ರಸೀದಿ ಪಡೆಯಿರಿ. "ಇತ್ಲಾಗ ಕೊಡ್ರಿ, ನಾ ಮುಟ್ಟಸ್ತೀನಿ" ಎಂದು ಅಪ್‌ಲೈನ್ ಬಾಗಿಲಿಗೆ ಬಂದರೆ ಕೊಡಬಾರದು. ಕೊಟ್ಟ ಡಬ್ಬಿ ಇನ್ನೊಬ್ಬರ ಜಾಯ್ನಿಂಗ್ ಕಿಟ್ ಆಗಿ ಮುಂದಿನ ಓಣಿ ಸೇರುತ್ತದೆ, ನೀವು ವಾಪಸ್ ಮಾಡಿದ್ದಕ್ಕೆ ಮಾತ್ರ ಎಲ್ಲೂ ದಾಖಲೆ ಇರುವುದಿಲ್ಲ.